ಬ್ಯಾರನ್ ಬೆಂಕಿ ಆರಿದ ದಿನ

ನಂಜುಂಡ,

ಸೈನ್ಯದ ತರಬೇತಿಯ ಓಟದಲ್ಲಿ ನೀನು ಬಿಸಿಲಿಗೆ ಕುಸಿದು ತೀರಿಕೊಂಡು ಹದಿನಾರು ತಿಂಗಳಾಯಿತು. ಈ ಕಾಗದ ಹಾಕಲು ವಿಳಾಸವಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಮಧ್ಯಾಹ್ನ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ನಮ್ಮ ಬ್ಯಾರನ್‌ಗೆ ಸೌದೆ ಹಾಕುತ್ತಿದ್ದ ಕೂಲಿಯಾಳು ಸಿದ್ದಯ್ಯನ ಮೈ ಮುಟ್ಟಿದೆ, ಸುಡುತ್ತಿತ್ತು. “ಎರಡು ದಿನದಿಂದ ಜ್ವರ ಕಣಪ್ಪ. ಬೆಂಕಿ ಮುಂದೆ ಬೆಳ್ದೋನ್ಗೆ ಏನಾಗ್ತದೆ ಬುಡು” ಅಂದ. ಅವನನ್ನು ಬೈಕಿಗೆ ಹತ್ತಿಸಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋದೆ. ಬರುವಷ್ಟರಲ್ಲಿ ಬೆಂಕಿ ಆರಿ, ಒಳಗಿದ್ದ ಸೊಪ್ಪೆಲ್ಲ ಕೆಟ್ಟಿತ್ತು.

“ಜ್ವರ ಬಂದಿರೋದು ಅವನಿಗೆ, ನೀನ್ಯಾಕಪ್ಪ ಅಳ್ತೀಯ?” ಅಂದಳು ಅವ್ವ.

ಓಟದ ಹಿಂದಿನ ದಿನ ನೀನು ನನಗೆ ಫೋನ್ ಮಾಡಿದ್ದು ಅವಳಿಗೆ ಇನ್ನೂ ಗೊತ್ತಿಲ್ಲ. “ಅಣ್ಣ, ಎರಡು ದಿನದಿಂದ ಜ್ವರ. ಡಾಕ್ಟರಿಗೆ ಹೇಳ್ಬುಡ್ಲಾ?” ಎಂದು ಕೇಳಿದ್ದೆ ನೀನು.

“ಬ್ಯಾಡ ಕಣ್ಲಾ, ವಾಪಸ್ ಕಳಿಸ್ಬುಡ್ತಾರೆ. ಬ್ಯಾರನ್ ಬೆಂಕಿ ಮುಂದೆ ಬೆಳ್ದೋನ್ಗೆ ಬಿಸಿಲು ಯಾವ ಲೆಕ್ಕ” ಅಂದಿದ್ದೆ ನಾನು.

ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳಿದವನಲ್ಲ ನೀನು. ಅದೊಂದನ್ನು ಯಾಕೆ ಕೇಳಿದೆ?

ನಿನ್ನ ಅಣ್ಣ,
ಕಾಂತರಾಜ್