ನವಣೆ ಅರೆದವಳಿಗೆ ಶರಣು

ಕ್ರಿ.ಶ. 2719, ನಮ್ಮ ಪಂಚಾಂಗದ ಹದಿಮೂರನೆಯ ತಿಂಗಳು
ಬಳ್ಳಾರಿ ಸೀಮೆಯ ಬಂಡೆಗುಡ್ಡ

ಏಳುನೂರು ವರ್ಷ ಹಿಂದಿರುವ ಹಿರಿಯರಿಗೆ ಹುಲಿಗೆವ್ವನ ಶರಣು. ಬರೆಯುವ ಕನ್ನಡವನ್ನು ಹಳೆಯ ಪುಸ್ತಕ ನೋಡಿ ಕಲಿತವಳು ನಾನು. ಮಾತು ಸೊಟ್ಟಗೆ ಕಂಡರೆ ಮನ್ನಿಸಿ.

ಇಲ್ಲಿ ನಾವು ಅರವತ್ತೊಂದು ಜನ. ನಮ್ಮ ಊಟ ಕಚ್ಚುಂಡೆ, ಅಂದರೆ ಪಾಚಿಯನ್ನು ಒತ್ತಿ ಒಣಗಿಸಿದ ಉಂಡೆ. ಅದು ನೀರಿಗೂ ಮಣಿಯದು, ಬೆಂಕಿಗೂ ಮಣಿಯದು. ಬಾಯಿ ತುಂಬ ಗಟ್ಟಿ ಹಲ್ಲಿರಬೇಕು. ಹಾಗಾಗಿ ಮಕ್ಕಳಿಗೆ ಐದು ವರ್ಷದವರೆಗೂ ತಾಯಿಯ ಹಾಲೇ ಗತಿ, ಹಾಲೂಡುವ ತಾಯಿ ಬೇಗ ಬಸುರಾಗುವುದಿಲ್ಲ. ನನ್ನ ಮಗಳು ಸುಂಕಮ್ಮನಿಗೆ ಈಗ ಮೂವತ್ತೆಂಟು, ಅವಳ ಮಗ ಗಾದಿಲಿಂಗನಿಗೆ ಮೂರು. ಇನ್ನೊಂದು ಮಗು ಬೇಕೆಂದು ಅವಳಿಗೆ ಬಹಳ ಆಸೆಯಿತ್ತು, ವಯಸ್ಸು ಕಾಯಬೇಕಲ್ಲ.

ಹಳೆಯ ಎಲುಬು ಓದುವುದು ನನ್ನ ಕೆಲಸ. ಗುಡ್ಡದ ಬುಡದಲ್ಲಿ ಅಗೆದಾಗ ಕೆಳಪದರದಲ್ಲಿ ಬೇಟೆಗಾರರ ಮಗುವಿನ ಹಲ್ಲು ಸಿಕ್ಕಿತು. ಹಾಲು ಬಿಟ್ಟ ವಯಸ್ಸಿನ ಗುರುತು ಹಲ್ಲಿನಲ್ಲಿ ಉಳಿಯುತ್ತದೆ. ಮೂರು ದಾಟಿದರೂ ಅದು ಹಾಲು ಬಿಟ್ಟಿರಲಿಲ್ಲ. ಮೇಲಿನ ಪದರದಲ್ಲಿ ನವಣೆ ಬೆಳೆದವರ ಮಗು, ಒಂದೂವರೆಗೇ ಬಿಟ್ಟಿತ್ತು. ಆ ಪದರದಲ್ಲಿ ಒಲೆಗಳೂ ಹತ್ತುಪಟ್ಟು. ಊರು ಹೇಗೆ ಬೆಳೆಯಿತೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬೀಜದ ಉಗ್ರಾಣದಲ್ಲಿ ನವಣೆಯಿತ್ತು, ಬೆಳೆದೆವು. ಆಮೇಲೆ ಮಾಡಿದ್ದೇನು ಗೊತ್ತೇ? ಕಾಳನ್ನೂ ಒತ್ತಿ, ಒಣಗಿಸಿ, ಕಚ್ಚುಂಡೆ ಮಾಡಿದೆವು. ಹುಟ್ಟುಗುಣ ಸುಟ್ಟರೂ ಹೋಗದು. ಆ ಬುದ್ಧಿವಂತಿಕೆ ನನ್ನದೇ. ಗಾದಿಲಿಂಗ ಥೂ ಎಂದು ಉಗುಳಿದ.

ಗುಡ್ಡದ ಮೇಲೆ ನುಣುಪಾದ ಗುಳಿಯೊಂದಿದೆ. ಅದು ಹಿಂದಿನವರು ಕೂರಲು ಮಾಡಿಕೊಂಡ ಪೀಠವೆಂದು ನಾವು ತಲೆಮಾರುಗಳಿಂದ ಅದರಲ್ಲಿ ಕೂತು ಹರಟಿದ್ದೇವೆ. ಅಂದು ಸುಂಕಮ್ಮ ಸಿಟ್ಟಿನಿಂದ ಆ ಉಂಡೆಯನ್ನು ಗುಳಿಯಲ್ಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದಳು. ಜಜ್ಜುತ್ತ ಜಜ್ಜುತ್ತ ಅದು ಹಿಟ್ಟಾಯಿತು. ಅವಳ ಕೈ ನಿಂತಿತು.

"ಅವ್ವ, ಇದು ಕುಂದ್ರೋ ಜಾಗ ಅಲ್ಲಬೇ. ಯಾವಳೋ ತಾಯಿ ಕೂಸಿಗಂತ ಅರೆದ ಜಾಗ."

ಹಿಟ್ಟು ಕುದಿಸಿ ಗಂಜಿ ಮಾಡಿದೆವು. ಗಾದಿಲಿಂಗ ಬಟ್ಟಲನ್ನೂ ನೆಕ್ಕಿದ. ನನಗೆ ಅಳು ತಡೆಯಲಾಗಲಿಲ್ಲ.

ಮೇಲಿನ ಪದರದ ಹೆಂಗಸೊಬ್ಬಳ ಎಲುಬು ನನ್ನ ಮೇಜಿನ ಮೇಲಿದೆ. ಮಂಡಿಯೂರಿ ಅರೆದು ಮೊಣಕಾಲು ಸವೆದಿದೆ, ಗಂಜಿ ತಿಂದು ಹಲ್ಲು ಹುಳುಕು. ಗಂಜಿ ಅವಳಿಗೆ ಸುಮ್ಮನೆ ಒದಗಲಿಲ್ಲ. ಮೂವತ್ತು ವರ್ಷ ಓದಿಯೂ ನನಗೆ ಹೊಳೆಯದ್ದನ್ನು ಅವಳು ಕಲ್ಲೆದುರು ಕೂತು ಕಂಡುಕೊಂಡಿದ್ದಳು. ದಿನಾ ಬೆಳಿಗ್ಗೆ ಅವಳಿಗೆ ಕೈಮುಗಿದೇ ಕೆಲಸಕ್ಕೆ ಕೂರುತ್ತೇನೆ.

ಗಾದಿಲಿಂಗ ಹಾಲು ಬಿಟ್ಟ. ಸುಂಕಮ್ಮ ಈಗ ಐದು ತಿಂಗಳ ಬಸುರಿ.

ಈ ಗುಡ್ಡದ ಅರ್ಧವನ್ನು ನಿಮ್ಮ ಕಾಲದಲ್ಲಿ ಜಲ್ಲಿಗೆಂದು ಒಡೆದರೆಂದು ದಾಖಲೆಯಲ್ಲಿದೆ. ಬೈಯಲು ಬರೆಯುತ್ತಿಲ್ಲ. ಗುಳಿಯಿರುವ ಬಂಡೆಯ ಹತ್ತಿರ ಬಂದಾಗ ಯಂತ್ರ ನಿಲ್ಲಿಸಿ. ನನ್ನ ಮೊಮ್ಮಗು ಇನ್ನೂ ಹುಟ್ಟಬೇಕು.