ಸೀಳಿದ ಎತ್ತಿನ ತಲೆ

ಹಾನಗಲ್ಲ
೧೨ ಫೆಬ್ರುವರಿ ೧೯೪೬

ಪ್ರೀತಿಯ ನಿಯಾಜನಿಗೆ ನಿನ್ನ ಚಿತ್ರಕಲೆ ಮಾಸ್ತರನ ಆಶೀರ್ವಾದ.

ಸವಣೂರಿನಿಂದ ನೀನು ಬರೆದ ಪತ್ರ ಮುಟ್ಟಿತು. ತಂಗಿ ಚಮನಬಿ ಇನ್ನು ಮುಂದೆ ಇಲ್ಲಿನ ನಿಮ್ಮ ದೊಡ್ಡಪ್ಪನ ಮನೆಯಲ್ಲಿದ್ದು ನನ್ನ ವರ್ಗಕ್ಕೆ ಬರುತ್ತಾಳೆಂದು ಓದಿ ಸಂತೋಷವಾಯಿತು. ಮುಂದಿನ ಸಾಲು ಓದಿದ ಮೇಲೆ ಊಟ ಸೇರಲಿಲ್ಲ. ‘ನನ್ನ ಕೈಗುಣಾನ ಸರಿ ಇಲ್ರಿ ಮಾಸ್ತರ, ನಾಕು ವರ್ಷಾತು, ಕಾಗದದ ಮುದ್ದಿ ಮುಟ್ಟಿಲ್ಲ. ಆಕಿಗೆ ಮೆಂತ್ಯೆ ಸರಿಯಾಗಿ ಹಾಕೋದು ಕಲಸ್ರಿ’ ಎಂದಿದ್ದೀ.

ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲಪ್ಪ. ಇದನ್ನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

೧೯೪೨ರ ಬೇಸಿಗೆ. ಯುದ್ಧದಿಂದಾಗಿ ಕಾಗದ ಸಿಗದೆ ಹಳೆಯ ಉತ್ತರಪತ್ರಿಕೆಗಳನ್ನೇ ನೆನೆಹಾಕಿ, ಅಂಟಿಗೆ ಮೆಂತ್ಯೆ ಸೇರಿಸಿ ಕುಟ್ಟಿದ್ದೆವು. ಕೆಂಪು ಶಾಯಿ ಬಿಟ್ಟು ಮುದ್ದೆಯೆಲ್ಲ ಗುಲಾಬಿ. ಫೇಲಾದವರ ಪೇಪರೇ ಚಲೋ ಅಂಟುತ್ತವೆ ಎಂದು ನಾನು ಚೇಷ್ಟೆ ಮಾಡಿದ್ದು ನೆನಪಿದೆಯೆ? ವರ್ಗದ ಉಳಿದ ಐವರು ಗಿಳಿ, ಮಾವಿನಕಾಯಿ ಮಾಡುತ್ತಿದ್ದರೆ ನೀನು ನಿಮ್ಮ ಮನೆಯ ಎತ್ತಿನ ತಲೆ ಮಾಡಿದೆ, ಎಡಗೋಡು ಬಾಗಿದ್ದು. ಮೂಗಿನ ಹೊರಳೆ ನೋಡಿದರೆ ಈಗ ಉಸಿರು ಬಿಡುತ್ತದೆ ಅನ್ನಿಸುತ್ತಿತ್ತು. ಮುಂಬಯಿಯ ಕಲಾಶಾಲೆಗೆ ನಮ್ಮಲ್ಲಿಂದ ಒಬ್ಬನ ಹೆಸರು ಹೋಗುವುದಿತ್ತು. ಆರಿಸಲು ಬರುವ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಆ ತಲೆ ನೋಡಿದ್ದರೆ ನಿನ್ನ ಹೆಸರೇ ಹೋಗುತ್ತಿತ್ತು.

ಒಣಗಲು ಬಿಸಿಲಿಗಿಡೋಣ ಎಂದೆ. ನೀನು ಎಲ್ಲರೆದುರು, ‘ಬ್ಯಾಡ್ರಿ ಮಾಸ್ತರ, ಸೀಳತೈತಿ. ನಮ್ಮವ್ವ ಕಾಗದದ ಬುಟ್ಟಿ ಎಂಟು ದಿನಾ ನೆರಳಾಗ ಇಡ್ತಾಳ್ರಿ’ ಎಂದೆ. ಹುಡುಗರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಧಾರವಾಡದಲ್ಲಿ ಕಲಿತು ಬಂದವನಿಗೆ ಬುಟ್ಟಿ ಮಾಡುವ ಹೆಂಗಸಿನಿಂದ ಪಾಠವೆ ಅನ್ನಿಸಿತು. ಮರುದಿನ ರಜೆ. ತಲೆಯನ್ನು ಮಾಳಿಗೆಗೆ ಒಯ್ದು ಉರಿಬಿಸಿಲಿಗೆ ಇಟ್ಟೆ. ಸಂಜೆಗೆ ಹಣೆಯಿಂದ ಮೂಗಿನವರೆಗೆ ಸೀಳಿತ್ತು.

ನೀನು ಬಂದು ಅಳುತ್ತ ನಿಂತಾಗ, ಮೆಂತ್ಯೆ ಕಡಿಮೆ ಹಾಕಿದ್ದೀ ಎಂದು ಬೈದೆ. ನೀನು ನಂಬಿದೆ. ನಂಬುತ್ತೀ ಎಂದು ನನಗೆ ಗೊತ್ತಿತ್ತು. ಮುಂಬಯಿಗೆ ಬೇರೆಯವನ ಹೆಸರು ಹೋಯಿತು, ನೀನು ಶಾಲೆ ಬಿಟ್ಟು ಸವಣೂರಿಗೆ, ನಿಮ್ಮ ವೀಳ್ಯದೆಲೆ ತೋಟಕ್ಕೆ ಮರಳಿದೆ.

ಕ್ಷಮಿಸು ಅನ್ನಲು ನಾಲಿಗೆ ಹೊರಳುವುದಿಲ್ಲ. ನಿಮ್ಮ ಅವ್ವನವರಿಗೆ ಈ ಪತ್ರ ಓದಿ ಹೇಳು, ಅವರ ಮಾತೇ ಸರಿಯಿತ್ತು. ಓದಿಯಾದ ಮೇಲೆ ಇದನ್ನೇ ಹರಿದು ನೆನೆಹಾಕಿ, ಏನಾದರೂ ಮಾಡಲು ಕೂಡು. ನಿನ್ನ ಕೈ ಸುಮ್ಮನಿರುವುದು ನನಗೆ ಸಹಿಸಲಾಗದು.

ನಿನಗೆ ಕೆಡುಕು ಮಾಡಿದ,
ಲಕ್ಷ್ಮಪ್ಪ ಮಾಸ್ತರ

ತಾ.ಕ.: ಆ ತಲೆಯನ್ನು ತಿಪ್ಪೆಗೆ ಹಾಕಿದೆ ಎಂದು ನಿನಗೆ ಹೇಳಿದ್ದೆ. ಹಾಕಲಿಲ್ಲ. ಸೀಳು ಮೆತ್ತಿ, ಬಣ್ಣ ಹಚ್ಚಿ, ಧಾರವಾಡದ ಒಂದು ಪ್ರದರ್ಶನಕ್ಕೆ ನನ್ನ ಹೆಸರಿನಲ್ಲಿ ಕಳಿಸಿದೆ. ಬೆಳ್ಳಿ ಪದಕ ಬಂತು. ಈಗ ಅದು ನಮ್ಮ ವರ್ಗದ ಗೋಡೆಯ ಮೇಲಿದೆ. ಚಮನಬಿ ಆ ಎತ್ತಿಗೆ ಮೇವು ಹಾಕುತ್ತ ಬೆಳೆದವಳು, ಒಳಗೆ ಕಾಲಿಟ್ಟ ಕೂಡಲೇ ಗುರುತು ಹಿಡಿಯುತ್ತಾಳೆ. ಅವಳು ಬರುವ ಸುದ್ದಿ ಇರದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.