ಅಪ್ಪನ ಟವಲಿನ ಮೇಲೆ ಮೀನು

ಮುನಿರಾಬಾದ್ ಡ್ಯಾಮ್, ಕೊಪ್ಪಳ ತಾಲೂಕು
14 ಡಿಸೆಂಬರ್ 2003

ಪ್ರೀತಿಯ ಅಪ್ಪನಿಗೆ, ಮಗಳು ಅಂಜಲಿಯ ನಮಸ್ಕಾರ.

ಹೇಗಿದ್ದೀ? ಮಂಡಿ ನೋವು ಕಡಿಮೆಯಾಯಿತೆ? ಮಲ್ಪೆಯ ದೋಣಿಯಲ್ಲಿ ಉಪ್ಪುನೀರಿಗೆ ಕೈ ಬಿರಿಯುತ್ತದೆ ಎಂದು ಹೋದ ವರ್ಷ ನೀನು ಬರೆದಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿಕೋ, ಆ ಸೀಮೆಯಲ್ಲಿ ಅದಕ್ಕೇನು ಬರವಿಲ್ಲ. ಅವ್ವ ಆರಾಮ ಇದ್ದಾಳೆ ಎಂದು ಬರೆ ಅಂದಳು, ಬರೆದಿದ್ದೇನೆ. ಬಲೆಯ ದಾರ ಕೊಯ್ದು ಅವಳ ಬಲಗೈ ಬೆರಳು ಮಡಚಲು ಬರುತ್ತಿಲ್ಲ. ಅದನ್ನು ಬರೆಯಬೇಡ ಅಂದಳು, ಅದನ್ನೂ ಬರೆದಿದ್ದೇನೆ.

ಸುದ್ದಿ ಏನೆಂದರೆ, ನಿನ್ನ ಮೀನು ಸಿಕ್ಕಿತು. ತಲೆ ಕಾಟ್ಲಾ ಮೀನಿನದು, ಮೈ ರೋಹು ಮೀನಿನದು ಎಂದು ನೀನು ಹೇಳುತ್ತಿದ್ದೆಯಲ್ಲ, ಅದೇ. ಹಿನ್ನೀರಿನಲ್ಲಿ ಅದು ನಿನ್ನ ಬಲೆ ಹರಿದುಕೊಂಡು ಹೋಯಿತು ಎಂದಾಗ ದಂಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮಣ್ಣ ಹನಮಪ್ಪನಂತೂ "ನಾಳೆ ಕುರಿ ತಲಿ ಮೀನ ತರ್ತಾನ ನೋಡ್ರಿ" ಅಂದ. ನೀನು ಸಿಟ್ಟಿಗೆದ್ದು "ಆ ಮೀನ ಕಂಡು ಇವ್ರ ಬಾಯಿ ಮುಚ್ಚೋತನಕ ನಾ ಈ ದಂಡಿಗೆ ಕಾಲಿಡಂಗಿಲ್ಲ" ಎಂದು ಹೇಳಿ ಬಸ್ಸು ಹತ್ತಿದೆ. ಮೂರು ಮಳೆಗಾಲ ಆಯಿತು. ನಿನಗೆ ನಿನ್ನ ಮಾತು ದೊಡ್ಡದಾಯಿತು, ನಾವು ಸಣ್ಣವರಾದೆವು. ಶಾಲೆಯಲ್ಲಿ ನನ್ನನ್ನು ಕುರಿಮೀನಿನ ಮಗಳು ಅನ್ನುತ್ತಿದ್ದರು. ಆ ನಗು ನಿನಗೆ ಮಲ್ಪೆಯವರೆಗೆ ಕೇಳಿಸುತ್ತಿರಲಿಲ್ಲ, ನಮಗೆ ದಿನಾ ಕೇಳಿಸುತ್ತಿತ್ತು.

ನಮ್ಮ ದಂಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹೆಂಗಸು ಹರಿಗೋಲಿಗೆ ಹುಟ್ಟು ಹಾಕಬೇಕು, ಗಂಡಸು ಬಲೆ ಬಿಡಬೇಕು. ಗಂಡ ಊರಲ್ಲಿಲ್ಲದಿದ್ದರೆ ಅವನ ಟವಲು ತಲೆಗೆ ಸುತ್ತಿಕೊಂಡು ಹೆಂಡತಿ ಬಲೆ ಬಿಡಬಹುದು, ಮೀನು ಮಾತ್ರ ಗಂಡನದೇ. ಟವಲಿಲ್ಲದೆ ಬಲೆ ಮುಟ್ಟುವವಳು ಗಂಡ ಸತ್ತವಳು. ಈ ಮೂರು ವರ್ಷ ಅವ್ವ ನಿನ್ನ ಕೆಂಪು ಟವಲು ಸುತ್ತಿಕೊಂಡೇ ಬಲೆ ಬಿಟ್ಟಳು, ನಾನು ಹುಟ್ಟು ಹಾಕಿದೆ. ಜ್ವರ ಬಂದಾಗಲೂ ಅದನ್ನು ನೀರಲ್ಲಿ ಅದ್ದಿ ಸುತ್ತಿಕೊಂಡು ಹರಿಗೋಲು ಹತ್ತಿದಳು.

ಹೋದ ಸೋಮವಾರ ಬೆಳಿಗ್ಗೆ ಬಲೆ ಎಳೆಯುವಾಗ ಹರಿಗೋಲು ಒಂದು ಮಗ್ಗುಲಿಗೆ ವಾಲಿತು. ಕಲ್ಲಿಗೆ ಸಿಕ್ಕಿದೆ, ಬಿಟ್ಟುಬಿಡು ಎಂದು ನಾನು ಕೂಗಿದೆ. ಅವ್ವ ಬಿಡಲಿಲ್ಲ. ಬಲೆಯ ದಾರವನ್ನು ಕೈಗೆ ಸುತ್ತಿಕೊಂಡು ಕೂತಳು, ರಕ್ತ ಬಂದರೂ ಬಿಡಲಿಲ್ಲ. ಮೊದಲು ಕಾಟ್ಲಾದ ತಲೆ ಮೇಲೆ ಬಂತು, ಹಿಂದೆಯೇ ರೋಹುವಿನ ಮೈ. ಆಮೇಲೆ ಅವಳು ಮೆಲ್ಲಗೆ "ನಿಮ್ಮಪ್ಪ ಖರೇನ ಹೇಳಿದ್ದ" ಅಂದು ಅತ್ತಳು. ಅವಳು ಅತ್ತದ್ದು ನಿನಗಾಗಿಯೋ ತನಗಾಗಿಯೋ ನಾನು ಕೇಳಲಿಲ್ಲ.

ಮೀನುಗಾರಿಕೆ ಇಲಾಖೆಯವರು ಬಂದು ನೋಡಿದರು. ಮರಿ ಮಾಡುವಾಗ ಎರಡು ಜಾತಿ ಬೆರೆತರೆ ಹೀಗಾಗುತ್ತದೆ, ಇಷ್ಟು ದೊಡ್ಡದು ಬಹಳ ಅಪರೂಪ ಎಂದರು. ಹಿಂದೆಯೇ ಪೇಪರಿನವರು ಬಂದರು. ಅವ್ವ ಮೀನು ಎತ್ತಿ ಹಿಡಿದು ನಿಂತಿದ್ದಳು, ಮುಖದಲ್ಲಿ ನಗು ಇತ್ತು. ಅವಳು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು! ಹನಮಪ್ಪ ದೊಡ್ಡಪ್ಪ ನಡುವೆ ಬಂದು "ಮಾರೆವ್ವಾ, ಒಂಚೂರು ಬಾಜೂ ಸರಿ. ಇದು ನಮ್ಮ ಬಾಲಪ್ಪನ ಮೀನ್ರಿ. ಅವ ಸುಳ್ಳು ಹೇಳೋ ಮನಷ್ಯಾನ ಅಲ್ರಿ" ಎಂದು ಅವಳ ತಲೆಯ ಟವಲು ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಮೀನು ಮಲಗಿಸಿದ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಪೇಪರಿನಲ್ಲಿ ಮೀನು ಬಂದಿದೆ, ನಿನ್ನ ಟವಲು ಬಂದಿದೆ, ಹೆಸರೂ ನಿನ್ನದೇ ಬಂದಿದೆ. ಮೂಲೆಯಲ್ಲಿ ಅವ್ವನ ಪಾದ ಕಾಣುತ್ತದೆ. ಮೀನು ಕೊಳ್ಳುವ ಶಬ್ಬೀರಸಾಬ ಒಬ್ಬರೇ "ಎಳದಾಕಿ ಮಾರೆವ್ವ ಅಲ್ಲೇನ್ರಿ?" ಎಂದು ಕೇಳಿದರು.

ಈಗ ದಂಡೆಯಲ್ಲೆಲ್ಲ ನಿನ್ನದೇ ಹೊಗಳಿಕೆ. ನಿನ್ನನ್ನು ಕರೆಸಿ ಶಾಲು ಹೊದಿಸುತ್ತಾರಂತೆ. ಪತ್ರ ಬರೆದು ಕರೆಸು ಎಂದು ನನಗೆ ದೊಡ್ಡಪ್ಪ ಹೇಳಿದ್ದಾನೆ, ಬರೆದಿದ್ದೇನೆ. ನೀನು ಗೆದ್ದೆ ಅಪ್ಪಾ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಸಮುದ್ರದ ಮೇಲೆ ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಗಳು,
ಅಂಜಲಿ

ತಾ.ಕ.: ಪತ್ರದ ಜೊತೆ ಪಾರ್ಸೆಲ್ಲಿನಲ್ಲಿ ನಿನ್ನ ಟವಲು ಇದೆ. ಅವ್ವನೇ ಒಗೆದು ಮಡಚಿದಳು. ಮೀನಿನ ವಾಸನೆ ಪೂರ್ತಿ ಹೋಗಿಲ್ಲ. ಇವತ್ತು ಬೆಳಿಗ್ಗೆ ಅವಳು ಬರೀ ತಲೆಯಲ್ಲಿ ಬಲೆ ಬಿಟ್ಟಳು. ದೊಡ್ಡಪ್ಪ ದಂಡೆಯಿಂದ "ಮಾರೆವ್ವಾ, ಗಂಡ ಬದುಕ್ಯಾನ, ಟವಲ ಎಲ್ಲೈತಿ?" ಎಂದು ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ. ಫೆಬ್ರುವರಿಗೆ ನಾನು ನರ್ಸಿಂಗ್ ಕಲಿಯಲು ಗಂಗಾವತಿಗೆ ಹೋಗುತ್ತೇನೆ, ಆಮೇಲೆ ಹರಿಗೋಲಿನಲ್ಲಿ ಅವಳೊಬ್ಬಳೇ. ಅಪ್ಪ ಬಂದರೆ ಅವನೇನು ಮಾಡಬೇಕು ಎಂದು ಅವ್ವನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಬಂದ್ರ ಹುಟ್ಟು ಹಾಕ್ಲಿ."